ರಾಕ್ಷಸರಾಜ ಸತ್ತ ಮೇಲಿನ ಕಥೆ

ಕತ್ತಿ ಕೆಳಗಿಟ್ಟು ಕಾಫಿ ಅಂಗಡಿ ತೆರೆಯುವ ಓರ್ಕ್ ಹೆಂಗಸಿನ ಕಾದಂಬರಿ, ಪೊರಕೆಯ ಮೇಲೆ ಹಾರಿ ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಹುಡುಗಿಯ ಕಥೆ, ನೆಲದಡಿಯ ಸುರಂಗಗಳಲ್ಲಿ ವಿಚಿತ್ರ ಪ್ರಾಣಿಗಳನ್ನು ಹಿಡಿದು ಅಡುಗೆ ಮಾಡುವವರ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ. ಇಂಥವನ್ನು ಓದುತ್ತೇನೆ ಎಂದರೆ ಎದುರಿಗಿದ್ದವರಿಂದ ಎರಡರಲ್ಲಿ ಒಂದು ಮಾತು ಬರುತ್ತದೆ. ಮೂಗು ಮುರಿಯುವವರು "ಅದರಲ್ಲಿ ಏನೂ ನಡೆಯೋದೇ ಇಲ್ವಲ್ಲ" ಅನ್ನುತ್ತಾರೆ. ಪ್ರೀತಿ ಇರುವವರು "ಹೌದು, ಸುಸ್ತಾದಾಗ ಓದೋಕೆ ಚೆನ್ನಾಗಿರುತ್ತೆ, ತಲೆಗೆ ಹೆಚ್ಚು ಕೆಲಸ ಇಲ್ಲ" ಅನ್ನುತ್ತಾರೆ. ನನಗೆ ಮೊದಲನೆಯವರಿಗಿಂತ ಎರಡನೆಯವರ ಮೇಲೆ ಹೆಚ್ಚು ಸಿಟ್ಟು. ಮೊದಲನೆಯವರು ಬಹುಪಾಲು ಪುಸ್ತಕ ಓದಿರುವುದಿಲ್ಲ. ಎರಡನೆಯವರು ಓದಿಯೂ ತಾವು ಓದಿದ್ದನ್ನು ಬಿಟ್ಟುಕೊಡುತ್ತಾರೆ.

ಇಬ್ಬರ ನಂಬಿಕೆಯೂ ಒಂದೇ. ಕೋಜಿ ಫ್ಯಾಂಟಸಿ ಎಂದು ಈಗ ಕರೆಸಿಕೊಳ್ಳುವ ಈ ಬರವಣಿಗೆ ಓದುಗನಿಗೆ ಹೊದಿಸುವ ಕಂಬಳಿ, ಸಾಹಿತ್ಯವಾಗಿ ಅದಕ್ಕೆ ತೂಕವಿಲ್ಲ, ಅಪಾಯವಿಲ್ಲದ ಕಥೆಯಲ್ಲಿ ಆಳವೂ ಇರಲಾರದು ಎಂಬ ನಂಬಿಕೆ. ಇದು ತಪ್ಪು. ಈ ಪ್ರಕಾರದ ಒಳ್ಳೆಯ ಪುಸ್ತಕಗಳು ವಿಶ್ರಾಂತಿಯ ಬಗ್ಗೆ ಬರೆದವಲ್ಲ, ಕೆಲಸದ ಬಗ್ಗೆ ಬರೆದವು. ಜಗತ್ತನ್ನು ಒಮ್ಮೆ ಉಳಿಸಿದ ಮೇಲೆ ಅದನ್ನು ದಿನವೂ ಯಾರು ನಡೆಸುತ್ತಾರೆ, ಹೇಗೆ ನಡೆಸುತ್ತಾರೆ ಎನ್ನುವುದು ಅವುಗಳ ಪ್ರಶ್ನೆ. ಮಹಾಯುದ್ಧದ ಫ್ಯಾಂಟಸಿ ಈ ಪ್ರಶ್ನೆಯನ್ನು ಬಹುಮಟ್ಟಿಗೆ ಕೊನೆಯ ಅಧ್ಯಾಯದ ಆಚೆಗೆ ತಳ್ಳಿ ಕೈತೊಳೆದುಕೊಂಡಿದೆ.

ಈ ತಿರಸ್ಕಾರಕ್ಕೆ ಒಂದು ಚರಿತ್ರೆಯಿದೆ. 1978ರಲ್ಲಿ ಬ್ರಿಟಿಷ್ ಲೇಖಕ ಮೈಕಲ್ ಮೂರ್‌ಕಾಕ್ 'ಎಪಿಕ್ ಪೂ' ಎಂಬ ಪ್ರಬಂಧ ಬರೆದರು. ಟೋಲ್ಕಿನ್ ಮತ್ತು ಅವರ ದಾರಿಯಲ್ಲಿ ನಡೆದವರ ಗದ್ಯ ಮಕ್ಕಳನ್ನು ಮಲಗಿಸುವ ಗದ್ಯ, ಓದುಗನನ್ನು ಕಲಕುವ ಬದಲು ಸಮಾಧಾನಪಡಿಸುತ್ತದೆ ಎಂಬುದು ಅವರ ಆರೋಪ. ಹೆಸರಿನ 'ಪೂ' ಎಂದರೆ ಮಕ್ಕಳ ಕಥೆಯ ವಿನ್ನಿ ದ ಪೂ ಎಂಬ ಕರಡಿಮರಿ. ಮೂರ್‌ಕಾಕ್‌ಗೆ ರಾಜಕೀಯ ಕಾಳಜಿ ಇತ್ತು, ಅವರ ಕೋಪವನ್ನು ನಾನು ಗೌರವಿಸುತ್ತೇನೆ. ಆದರೆ ಆ ಪ್ರಬಂಧದ ನಂತರ ಬಂದವರು ಅವರ ಕಾಳಜಿಯನ್ನು ಬಿಟ್ಟು ಸೂತ್ರವನ್ನಷ್ಟೇ ಹಿಡಿದುಕೊಂಡರು: ಸಮಾಧಾನ ಕೊಡುವುದೆಲ್ಲ ಸುಳ್ಳು, ಕಲಕುವುದೆಲ್ಲ ನಿಜ. 1996ರಲ್ಲಿ ಜಾರ್ಜ್ ಆರ್. ಆರ್. ಮಾರ್ಟಿನ್ 'ಎ ಗೇಮ್ ಆಫ್ ಥ್ರೋನ್ಸ್' ಪ್ರಕಟಿಸಿದರು. 2011ರಿಂದ 2019ರವರೆಗೆ ಅದರ ಟಿವಿ ಸರಣಿ ಮನೆಮನೆಗೆ ಬಂತು. ಫ್ಯಾಂಟಸಿ ಎಂದರೆ ಮಕ್ಕಳಾಟ ಎನ್ನುತ್ತಿದ್ದವರೂ ತಲೆ ಉರುಳಿದ್ದನ್ನು ನೋಡಿ "ಇದು ದೊಡ್ಡವರದ್ದು" ಎಂದು ಒಪ್ಪಿಕೊಂಡರು. ದೊಡ್ಡವರಾಗುವುದಕ್ಕೆ ರಕ್ತವೇ ಪ್ರಮಾಣಪತ್ರ ಎಂಬಂತಾಯಿತು.

ಮಾರ್ಟಿನ್ ಸಮರ್ಥ ಲೇಖಕ, ಅದರಲ್ಲಿ ಅನುಮಾನವಿಲ್ಲ. ಆದರೆ ಬರೆಯುವವರ ಕಡೆಯಿಂದ ನೋಡಿದರೆ ಕ್ರೌರ್ಯದಷ್ಟು ಅಗ್ಗಕ್ಕೆ ಸಿಗುವ ತೂಕ ಇನ್ನೊಂದಿಲ್ಲ. ಒಂದು ಪಾತ್ರವನ್ನು ಕೊಂದರೆ ಓದುಗ ಎದ್ದು ಕೂರುತ್ತಾನೆ. ಅದೇ ಪಾತ್ರ ಬೆಳಿಗ್ಗೆ ಎದ್ದು ಒಲೆ ಹಚ್ಚುವುದನ್ನು ಎಂಟು ಪುಟ ಬರೆದು ಓದುಗನನ್ನು ಹಿಡಿದಿಡಬೇಕಾದರೆ ಆ ಮನುಷ್ಯನ ಕೈ ಹೇಗೆ ಚಲಿಸುತ್ತದೆ, ಮನಸ್ಸಿನಲ್ಲಿ ಏನಿದೆ, ಸೌದೆ ಎಲ್ಲಿಂದ ಬಂತು ಎಂಬುದು ಬರೆಯುವವನಿಗೆ ಗೊತ್ತಿರಬೇಕು.

'ಏನೂ ನಡೆಯುವುದಿಲ್ಲ' ಎಂಬ ಮಾತನ್ನು ಮೊದಲು ತೆಗೆದುಕೊಳ್ಳೋಣ. ಈ ಆರೋಪ ಹೆಚ್ಚಾಗಿ ಬೀಳುವುದು ಟ್ರಾವಿಸ್ ಬಾಲ್ಡ್ರೀ ಅವರ 'ಲೆಜೆಂಡ್ಸ್ ಆ್ಯಂಡ್ ಲಾಟೇಸ್' ಮೇಲೆ. ಆಡಿಯೊಬುಕ್‌ಗಳಿಗೆ ದನಿ ಕೊಡುವ ಕಸುಬಿನ ಬಾಲ್ಡ್ರೀ 2022ರಲ್ಲಿ ಇದನ್ನು ತಾವೇ ಪ್ರಕಟಿಸಿದರು. ಅದೇ ವರ್ಷ ದೊಡ್ಡ ಪ್ರಕಾಶನ ಸಂಸ್ಥೆ ಇದನ್ನು ಕೊಂಡು ಮರುಮುದ್ರಿಸಿತು. ಪಣಕ್ಕಿಟ್ಟದ್ದು ಹೆಚ್ಚಿಲ್ಲ ಎಂದು ಉಪಶೀರ್ಷಿಕೆಯೇ ಹೇಳಿಕೊಳ್ಳುತ್ತದೆ. ಪ್ರಕಾರದ ಗುರುತಾಗಿ ನಿಂತ ಆ ಉಪಶೀರ್ಷಿಕೆ ನನ್ನ ಪ್ರಕಾರ ಪುಸ್ತಕಕ್ಕೆ ಮಾಡಿದ ಅನ್ಯಾಯ. ಕಥಾನಾಯಕಿ ವಿವ್ ಓರ್ಕ್, ಅಂದರೆ ಟೋಲ್ಕಿನ್‌ರಿಂದೀಚೆ ಕೇಡಿಗರ ಸೈನ್ಯಕ್ಕೆಂದೇ ಮೀಸಲಾದ ಕುಲದವಳು. ವರ್ಷಗಟ್ಟಲೆ ಕೂಲಿಗೆ ಕೊಂದು ಬದುಕಿದವಳು. ಅದುವರೆಗೆ ಗಳಿಸಿದ್ದನ್ನೆಲ್ಲ ಹಾಕಿ ಥ್ಯೂನ್ ಎಂಬ ಊರಿನಲ್ಲಿ ಹಳೆಯ ಕುದುರೆಲಾಯವೊಂದನ್ನು ಕೊಳ್ಳುತ್ತಾಳೆ. ಕಾಫಿ ಎಂದರೇನೆಂದೇ ಆ ಊರಿಗೆ ಗೊತ್ತಿಲ್ಲ. ಬಡಗಿಯನ್ನು ಹುಡುಕಬೇಕು, ಬಾಗಿಲು ತೆರೆದ ಮೇಲೆ ಗಿರಾಕಿಯೇ ಇಲ್ಲದ ಅಂಗಡಿಯಲ್ಲಿ ನಿಲ್ಲಬೇಕು, ಪುಕ್ಕಟೆ ಕುಡಿಸಿ ರುಚಿ ಹತ್ತಿಸಬೇಕು, ಬೀದಿಯ ರೌಡಿಗಳ ಹಫ್ತಾ ವಸೂಲಿಯನ್ನು ಕತ್ತಿ ಎತ್ತದೆ ನಿಭಾಯಿಸಬೇಕು. ಇಷ್ಟರ ಮಧ್ಯೆ ಅವಳಿಗಿರುವ ಭಯ ಒಂದೇ: ತಾನು ಬದಲಾಗಬಲ್ಲೆನೇ, ಅಥವಾ ಕೈಗೆ ಗೊತ್ತಿರುವ ಕೆಲಸ ಕೊಲ್ಲುವುದೊಂದೇ ಆಗಿ ಉಳಿಯುತ್ತದೆಯೇ? ನಡುವಯಸ್ಸಿನಲ್ಲಿ ಕಸುಬು ಬಿಟ್ಟು ಉಳಿತಾಯವನ್ನೆಲ್ಲ ಒಂದು ಅಂಗಡಿಗೆ ಸುರಿದವರನ್ನು ಕೇಳಿ, ಪಣಕ್ಕಿಟ್ಟದ್ದು ಕಡಿಮೆಯೇ ಎಂದು. ಸಿಂಹಾಸನ ಕಳೆದುಕೊಳ್ಳುವ ಭಯ ಎಷ್ಟು ಓದುಗರಿಗೆ ಗೊತ್ತು? ಬಾಡಿಗೆ ಕಟ್ಟಲಾಗದ ಭಯ ಎಲ್ಲರಿಗೂ ಗೊತ್ತು.

ಆ ಪುಸ್ತಕದಲ್ಲಿ ದೋಷವಿದೆ. ಅಂಗಡಿ ಬೆಂಕಿಗೆ ಬೀಳುವ ಭಾಗದ ನಂತರ ಸ್ನೇಹಿತರೆಲ್ಲ ಸೇರಿ ನಷ್ಟವನ್ನು ತುಂಬಿಕೊಡುವ ರೀತಿ ತೀರಾ ಸಲೀಸು. ಸುಟ್ಟ ಮನೆ ಅಷ್ಟು ಬೇಗ ಏಳುವುದಿಲ್ಲ. ಈ ಮಾತನ್ನು ವಿಮರ್ಶಕರು ಹೇಳಬೇಕಿತ್ತು. ಹೇಳಬೇಕೆಂದರೆ ಪುಸ್ತಕವನ್ನು ಕೆಲಸದ ಕಾದಂಬರಿಯಾಗಿ ಓದಬೇಕಿತ್ತು. 'ಮುದ್ದಾಗಿದೆ' ಎಂದವರಿಗೂ 'ಸಪ್ಪೆ' ಎಂದವರಿಗೂ ಅದರ ನಿಜವಾದ ದೋಷ ಕಾಣಲಿಲ್ಲ.

ಇನ್ನು ರ್ಯೋಕೊ ಕುಯಿ ಅವರ ಮಾಂಗಾ 'ಡನ್‌ಜನ್ ಮೆಶಿ'. 2014ರಿಂದ 2023ರವರೆಗೆ 'ಹಾರ್ತಾ' ಪತ್ರಿಕೆಯಲ್ಲಿ ಬಂದು 14 ಸಂಪುಟಗಳಲ್ಲಿ ಮುಗಿದ ಕೃತಿ. ಇಂಗ್ಲಿಷ್‌ನಲ್ಲಿ 'ಡೆಲಿಷಿಯಸ್ ಇನ್ ಡನ್‌ಜನ್'. ಕಥೆ ಶುರುವಾಗುವುದೇ ಹಸಿವಿನಿಂದ. ಸಾಹಸಿಗರ ತಂಡವೊಂದು ಹೊಟ್ಟೆಗಿಲ್ಲದೆ ಕೆಂಪು ಡ್ರ್ಯಾಗನ್ ಎದುರು ಸೋಲುತ್ತದೆ. ನಾಯಕ ಲೈಯೋಸ್‌ನ ತಂಗಿ ಫಾಲಿನ್ ಉಳಿದವರನ್ನು ಮಂತ್ರದಿಂದ ಹೊರಗೆ ಕಳಿಸಿ ತಾನು ಡ್ರ್ಯಾಗನ್ನಿನ ಬಾಯಿಗೆ ಬೀಳುತ್ತಾಳೆ. ಅವಳು ಅರಗಿಹೋಗುವ ಮೊದಲು ಮುಟ್ಟಬೇಕು. ಕೈಯಲ್ಲಿ ಕಾಸಿಲ್ಲ. ಹಾಗಾಗಿ ಸುರಂಗದ ಪ್ರಾಣಿಗಳನ್ನೇ ತಿಂದು ಇಳಿಯುವುದು. ಕುಳ್ಳ ಕುಲದ ಸೆನ್ಶಿ ಎಂಬ ಅಡುಗೆಯವನು ಜೊತೆಯಾಗುತ್ತಾನೆ. ನಡೆದಾಡುವ ಅಣಬೆ, ಚೇಳು, ರಕ್ಷಾಕವಚದೊಳಗೆ ಗುಂಪಾಗಿ ಬದುಕುವ ಮೃದ್ವಂಗಿಗಳು, ಒಂದೊಂದೂ ಪಾತ್ರೆಗೆ ಬೀಳುತ್ತದೆ. ಸೆನ್ಶಿ ಮಣ್ಣಿನ ಗೋಲೆಮ್‌ಗಳ ಬೆನ್ನ ಮೇಲೆ ತರಕಾರಿ ಬೆಳೆಯುತ್ತಾನೆ, ಸುರಂಗದ ಶೌಚಾಲಯಗಳನ್ನು ಶುಚಿ ಮಾಡುತ್ತಾನೆ. ಇದನ್ನು ಓದಿ ನಕ್ಕು, 'ಅಡುಗೆ ಮಾಂಗಾ' ಎಂದು ಚೀಟಿ ಅಂಟಿಸಿ ಮುಂದೆ ಹೋದವರು ಬಹಳ.

ಅವರು ಸೆನ್ಶಿಯ ಹಿಂದಿನ ಕಥೆ ಬರುವವರೆಗೆ ಓದಿರಲಾರರು. ಅವನು ಎಳೆಯನಾಗಿದ್ದಾಗ ಗಣಿ ಅಗೆಯುವ ತಂಡವೊಂದರ ಜೊತೆ ಇದೇ ಸುರಂಗಕ್ಕೆ ಬಂದು ಸಿಕ್ಕಿಬಿದ್ದಿದ್ದ. ಗ್ರಿಫಿನ್‌ನಂಥ ರೆಕ್ಕೆಯ ಪ್ರಾಣಿಯೊಂದು ಒಬ್ಬೊಬ್ಬರನ್ನೇ ಹೊತ್ತೊಯ್ದಿತು, ಉಳಿದವರು ಹಸಿವಿನಿಂದ ಸೊರಗಿದರು. ಕೊನೆಗೆ ಇದ್ದ ಮೂವರಲ್ಲಿ ಹಿರಿಯರಿಬ್ಬರು ಜಗಳವಾಡಿದ ಸದ್ದು ಕೇಳಿತು. ಮರಳಿದ್ದು ಒಬ್ಬನೇ. ಗ್ರಿಫಿನ್ ಸಿಕ್ಕಿತು ಎಂದು ಹೇಳಿ ಅವನು ಹುಡುಗನಿಗೆ ಮಾಂಸದ ಸೂಪು ಕುಡಿಸಿದ. ಆ ಸೂಪಿನಿಂದ ಹುಡುಗ ಬದುಕಿದ. ಅದು ಯಾವ ಮಾಂಸ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಅಂದಿನಿಂದ ಅವನು ಸುರಂಗದ ಪ್ರಾಣಿಗಳನ್ನೆಲ್ಲ ಬೇಯಿಸಿ ತಿಂದಿದ್ದಾನೆ, ಗ್ರಿಫಿನ್ ಒಂದನ್ನು ಬಿಟ್ಟು. ಈಗ ತಂಡದ ಕೈಗೆ ಗ್ರಿಫಿನ್ ಸಿಗುತ್ತದೆ. ಸೂಪು ಮಾಡುತ್ತಾರೆ. ರುಚಿ ಬೇರೆಯೇ ಇದೆ. ಸೆನ್ಶಿ ಕುಸಿಯುತ್ತಾನೆ. ಆಗ ಪ್ರಾಣಿಗಳ ಬಗ್ಗೆ ಹುಚ್ಚು ಆಸಕ್ತಿ ಇರುವ, ಅದಕ್ಕಾಗಿಯೇ ಎಲ್ಲರಿಂದ ಬೈಸಿಕೊಳ್ಳುವ ಲೈಯೋಸ್ ಯೋಚಿಸುತ್ತಾನೆ: ಅಂದು ದಾಳಿ ಮಾಡಿದ್ದು ಗ್ರಿಫಿನ್ ಅಲ್ಲದೆ, ಅದನ್ನೇ ಹೋಲುವ ಹಿಪ್ಪೊಗ್ರಿಫ್ ಆಗಿದ್ದರೆ? ರೂಪ ಬದಲಿಸುವ ಅಣಬೆಗಳನ್ನು ಬಳಸಿ ಉಳಿದ ಮಾಂಸವನ್ನು ಮಾರ್ಪಡಿಸಿ ಇನ್ನೊಮ್ಮೆ ಸೂಪು ಕಾಯಿಸುತ್ತಾರೆ. ಸೆನ್ಶಿ ಒಂದು ಗುಟುಕು ಕುಡಿಯುತ್ತಾನೆ. ಅದೇ ರುಚಿ.

ಕುಯಿ ಇಲ್ಲಿ ಒಂದು ಹನಿ ರಕ್ತವನ್ನೂ ಅನಗತ್ಯವಾಗಿ ಚೆಲ್ಲಿಲ್ಲ. ಜೀವಮಾನವಿಡೀ ಹೊತ್ತ ಅನುಮಾನವೊಂದು, ಅದನ್ನು ಬಗೆಹರಿಸುವ ಒಂದು ಬಟ್ಟಲು ಸೂಪು, ಅಷ್ಟೇ. ಹಿಂದಿನ ಸಂಪುಟಗಳಲ್ಲಿ ನಗಿಸುತ್ತ ಬಂದ ಪಾಕವಿಧಾನಗಳು, ಪ್ರಾಣಿಯ ಅಂಗಾಂಗಗಳ ಚಿತ್ರಗಳು, ಲೈಯೋಸ್‌ನ ತಲೆಹರಟೆ ಪ್ರಶ್ನೆಗಳು ಇಲ್ಲಿ ಒಟ್ಟಾಗಿ ಕೆಲಸಕ್ಕೆ ಬರುತ್ತವೆ. ಅವು ಹಗುರವಾಗಿದ್ದದ್ದರಿಂದಲೇ ಈ ಕ್ಷಣದ ಭಾರವನ್ನು ಎತ್ತಬಲ್ಲವು. ಇದನ್ನು ಓದಿದ ಮೇಲೂ 'ತಲೆಗೆ ಕೆಲಸವಿಲ್ಲದ ಓದು' ಎನ್ನುವವರಿಗೆ ನಾನು ಕೇಳುವುದಿಷ್ಟೆ: ಕಳೆದ ಹತ್ತು ವರ್ಷಗಳ ಗಂಭೀರ ಫ್ಯಾಂಟಸಿಯಲ್ಲಿ ಹಸಿವನ್ನು, ತಿನ್ನುವುದರ ಪಾಪಭೀತಿಯನ್ನು ಇಷ್ಟು ಹತ್ತಿರದಿಂದ ನೋಡಿದ ಪುಟಗಳು ಎಷ್ಟಿವೆ?

ಕನೆಹಿತೊ ಯಮದಾ ಬರೆದು ತ್ಸುಕಾಸಾ ಅಬೆ ಚಿತ್ರಿಸುವ 'ಫ್ರೀರೆನ್' 2020ರಲ್ಲಿ ಶುರುವಾಯಿತು, 2021ರಲ್ಲಿ ಮಾಂಗಾ ತೈಶೊ ಪ್ರಶಸ್ತಿ ಪಡೆಯಿತು. ಬೇರೆಯವರು ಕಥೆ ಮುಗಿಸುವಲ್ಲಿ ಅದು ಆರಂಭವಾಗುತ್ತದೆ. ರಾಕ್ಷಸರಾಜ ಸತ್ತಾಗಿದೆ, ಹತ್ತು ವರ್ಷದ ಯಾತ್ರೆ ಮುಗಿಸಿ ನಾಲ್ವರು ಊರಿಗೆ ಮರಳಿದ್ದಾರೆ. ಎಲ್ಫ್ ಕುಲದ ಫ್ರೀರೆನ್‌ಗೆ ಸಾವಿರ ವರ್ಷದ ಮೇಲಿನ ಆಯುಸ್ಸು, ಅವಳ ಲೆಕ್ಕದಲ್ಲಿ ಹತ್ತು ವರ್ಷ ಯಾವ ಮೂಲೆಗೆ. ಐವತ್ತು ವರ್ಷದ ನಂತರ ಬಂದು ನೋಡಿದರೆ ವೀರ ಹಿಮ್ಮೆಲ್ ಮುದುಕನಾಗಿದ್ದಾನೆ. ಸ್ವಲ್ಪ ದಿನದಲ್ಲೇ ಸಾಯುತ್ತಾನೆ. ಅವನ ಶವಸಂಸ್ಕಾರದಲ್ಲಿ, ಈ ಮನುಷ್ಯನನ್ನು ಅರಿಯುವ ಪ್ರಯತ್ನವನ್ನೇ ತಾನು ಮಾಡಲಿಲ್ಲ ಎಂದು ಅವಳು ಮೊದಲ ಬಾರಿಗೆ ಅಳುತ್ತಾಳೆ. ಅಲ್ಲಿಂದ ಮುಂದೆ ಹಳೆಯ ದಾರಿಯಲ್ಲೇ ಮತ್ತೆ ನಡೆಯುವುದು. ದಾರಿಯಲ್ಲಿ ಅವಳು ಸಂಗ್ರಹಿಸುವ ಮಂತ್ರಗಳನ್ನು ನೋಡಿ: ಸಿಹಿ ದ್ರಾಕ್ಷಿಯನ್ನು ಹುಳಿ ಮಾಡುವ ಮಂತ್ರ, ಹೂವಿನ ಬಯಲನ್ನು ಅರಳಿಸುವ ಮಂತ್ರ. ಯುದ್ಧಕ್ಕೆ ಬಾರದವು. ಹುಳಿ ದ್ರಾಕ್ಷಿ ಇಷ್ಟಪಡುತ್ತಿದ್ದವನು ಅವಳ ಒಬ್ಬ ಸಂಗಡಿಗ. ಹಿಮ್ಮೆಲ್‌ನ ಪ್ರತಿಮೆಯ ಸುತ್ತ ನೆಡಲು ಅವನ ಊರಿನ ನೀಲಿ ಹೂವೊಂದನ್ನು ತಿಂಗಳುಗಟ್ಟಲೆ ಹುಡುಕುತ್ತಾಳೆ. ಜೊತೆಗಿರುವ ಎಳೆಯ ಶಿಷ್ಯೆಗೆ ಇದು ಕಾಲಹರಣವೆಂದು ಕಳವಳ. ನಮ್ಮ ವಿಮರ್ಶಕರು ಆ ಶಿಷ್ಯೆಯ ಸ್ಥಾನದಲ್ಲೇ ನಿಂತುಬಿಟ್ಟಿದ್ದಾರೆ. ಅವಳಾದರೂ ಮುಂದೆ ಅರ್ಥಮಾಡಿಕೊಳ್ಳುತ್ತಾಳೆ.

ಈ ಬರವಣಿಗೆಯೆಲ್ಲ ಕೊರೊನಾ ಕಾಲದ ಕೂಸು, ಮನೆಯೊಳಗೆ ಸಿಕ್ಕಿಬಿದ್ದ ಪೀಳಿಗೆ ಹುಡುಕಿಕೊಂಡ ಸಾಂತ್ವನ ಎಂಬ ಇನ್ನೊಂದು ಮಾತು ಈಗ ವಿವರಣೆಯಾಗಿ ಓಡಾಡುತ್ತಿದೆ. ಮಾರಾಟ ಆಗ ಏರಿತು, ಅದು ಸರಿ. ಆದರೆ ಹಿತೊಶಿ ಅಶಿನಾನೊ ಅವರ 'ಯೊಕೊಹಾಮಾ ಕೈದಾಶಿ ಕಿಕೊ' ಬಂದದ್ದು 1994ರಿಂದ 2006ರವರೆಗೆ. ಸಮುದ್ರ ಏರಿ ಊರುಗಳು ಮುಳುಗುತ್ತಿರುವ, ಮನುಷ್ಯರು ಕಡಿಮೆಯಾಗುತ್ತಿರುವ ಜಗತ್ತಿನಲ್ಲಿ ಆಲ್ಫಾ ಎಂಬ ರೋಬೊ ಹುಡುಗಿ ಗಿರಾಕಿಗಳೇ ವಿರಳವಾದ ಕಾಫಿ ಅಂಗಡಿ ನಡೆಸುತ್ತಾಳೆ. ಸ್ಕೂಟರ್ ಹತ್ತಿ ಕಾಫಿಬೀಜ ತರಲು ಹೋಗುತ್ತಾಳೆ. ಜಗತ್ತಿನ ಅಂತ್ಯವನ್ನು ಕುರಿತು ನಾನು ಓದಿದ್ದರಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಬೇರೆ ಇಲ್ಲ. ಅದರಲ್ಲಿ ಒಬ್ಬ ಖಳನೂ ಇಲ್ಲ.

ಇನ್ನೂ ಹಿಂದೆ ಹೋಗೋಣ. ಫಿನ್‌ಲೆಂಡಿನ ಲೇಖಕಿ ತೂವೆ ಯಾನ್ಸನ್ ಮೂಮಿನ್‌ಗಳೆಂಬ ಕಲ್ಪನೆಯ ಜೀವಿಗಳ ಮೊದಲ ಕಥೆಯನ್ನು ಬರೆಯತೊಡಗಿದ್ದು 1939ರ ಚಳಿಗಾಲದ ಯುದ್ಧದಲ್ಲಿ, ಸೋವಿಯತ್ ಸೈನ್ಯ ಫಿನ್‌ಲೆಂಡ್ ಮೇಲೆ ಬಿದ್ದಾಗ. ಪುಸ್ತಕವಾಗಿ ಬಂದದ್ದು 1945ರಲ್ಲಿ. ನೆರೆ ಬಂದು ಮನೆ ಕಳೆದುಕೊಂಡವರ ನಡುವೆ ತಾಯಿ ಮಗ ಕಾಣೆಯಾದ ಅಪ್ಪನನ್ನು ಹುಡುಕುವ ಕಥೆ. ಮರುವರ್ಷ ಬಂದ ಎರಡನೆಯದರಲ್ಲಿ ಧೂಮಕೇತು ಭೂಮಿಯ ಕಡೆ ಧಾವಿಸುತ್ತದೆ, ದಾರಿಗಳಲ್ಲಿ ಗಂಟುಮೂಟೆ ಹೊತ್ತವರು ಓಡುತ್ತಾರೆ. ಇದೇ ಯಾನ್ಸನ್ 1938ರಲ್ಲಿ 'ಗಾರ್ಮ್' ಪತ್ರಿಕೆಯ ಮುಖಪುಟಕ್ಕೆ ಹಿಟ್ಲರ್‌ನನ್ನು ಕೇಕಿಗಾಗಿ ರಚ್ಚೆ ಹಿಡಿದ ಮಗುವಾಗಿ ಚಿತ್ರಿಸಿದವರು. ಜಗತ್ತು ಎಂಥದ್ದೆಂದು ಗೊತ್ತಿಲ್ಲದ ಮುಗ್ಧೆ ಬರೆದದ್ದಲ್ಲ ಅದು. ಬಾಂಬುಗಳ ಕೆಳಗೆ ಕೂತು, ಕಾಫಿಪಾತ್ರೆಯೂ ಬಂದವರಿಗೆಲ್ಲ ಹಾಸಿಗೆಯೂ ಇರುವ ಮನೆಯನ್ನು ಕಲ್ಪಿಸಿದ್ದು. ಅದನ್ನು ಪಲಾಯನ ಎನ್ನಬೇಕಾದರೆ ಮನಸ್ಸು ಎಷ್ಟು ಕಲ್ಲಾಗಿರಬೇಕು?

1988ರ ಏಪ್ರಿಲ್ 16ರಂದು ಜಪಾನಿನ ಚಿತ್ರಮಂದಿರಗಳಲ್ಲಿ ಆ್ಯನಿಮೇಷನ್ ಸಂಸ್ಥೆ ಸ್ಟುಡಿಯೊ ಘಿಬ್ಲಿಯ ಎರಡು ಚಿತ್ರಗಳು ಒಂದೇ ಟಿಕೆಟ್ಟಿನಲ್ಲಿ ಬಿಡುಗಡೆಯಾದವು. ಒಂದು ಮಿಯಾಝಾಕಿಯ 'ಟೊಟೊರೊ', ಇನ್ನೊಂದು ತಕಾಹಾತಾರ 'ಗ್ರೇವ್ ಆಫ್ ದ ಫೈರ್‌ಫ್ಲೈಸ್', ಯುದ್ಧದಲ್ಲಿ ಹಸಿವಿನಿಂದ ಸಾಯುವ ಅಣ್ಣ ತಂಗಿಯ ಕಥೆ. ಎರಡರಲ್ಲೂ ಇಬ್ಬರು ಮಕ್ಕಳು, ಎರಡರಲ್ಲೂ ದೂರವಾದ ತಾಯಿ. 'ಟೊಟೊರೊ'ದಲ್ಲಿ ತಾಯಿ ಆಸ್ಪತ್ರೆಯಲ್ಲಿದ್ದಾಳೆ, ಅವಳು ಸಾಯಬಹುದೆಂಬ ಭಯದಿಂದ ಪುಟ್ಟ ಮೇ ಜೋಳದ ತೆನೆ ಅಪ್ಪಿಕೊಂಡು ಒಬ್ಬಳೇ ಹೊರಟುಬಿಡುತ್ತಾಳೆ. ಒಂದು ನಿಜ, ಇನ್ನೊಂದು ಸಿಹಿ ಸುಳ್ಳು ಎಂದು ಈ ಎರಡನ್ನು ಬೇರ್ಪಡಿಸುವವರಿಗೆ ಎರಡೂ ಅರ್ಥವಾಗಿಲ್ಲ.

ತಿರಸ್ಕಾರದ ಬೇರು ಇನ್ನೊಂದು ಕಡೆಯೂ ಇದೆ, ಅದನ್ನು ನೇರವಾಗಿ ಹೇಳಬೇಕು. ಈ ಪುಸ್ತಕಗಳು ನಡೆಯುವುದು ಅಡುಗೆಮನೆಯಲ್ಲಿ, ಅಂಗಡಿಯಲ್ಲಿ, ಮಕ್ಕಳಿರುವ ಮನೆಯಲ್ಲಿ. ಹೆಂಗಸರು ಸಾವಿರಾರು ವರ್ಷ ಮಾಡಿಕೊಂಡು ಬಂದ ಕೆಲಸವನ್ನು ಕೆಲಸವೆಂದೇ ಎಣಿಸದವರು ಅದರ ಕಥೆಯನ್ನು 'ಏನೂ ನಡೆಯದ ಕಥೆ' ಎನ್ನುವುದು ಸಹಜವೇ. ಎಯಿಕೊ ಕದೊನೊ 1985ರಲ್ಲಿ 'ಕಿಕಿಯ ಡೆಲಿವರಿ ಸರ್ವಿಸ್' ಬರೆದರು. ಹದಿಮೂರರ ಹುಡುಗಿ ಮನೆ ಬಿಟ್ಟು ಗುರುತಿಲ್ಲದ ಊರಿಗೆ ಹೋಗಿ ತನ್ನ ಅನ್ನ ತಾನು ದುಡಿಯಬೇಕು, ಗೊತ್ತಿರುವ ವಿದ್ಯೆ ಹಾರುವುದೊಂದೇ. ಇದೇ ಪ್ರಸಂಗದ ನಾಯಕ ಹುಡುಗನಾಗಿದ್ದು, ಕೈಯಲ್ಲಿ ಕತ್ತಿ ಇದ್ದಿದ್ದರೆ ಅದನ್ನು ವೀರಗಾಥೆ ಎನ್ನುತ್ತಿದ್ದರು. ಕದೊನೊ ಅವರಿಗೆ 2018ರಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್ ಪ್ರಶಸ್ತಿ ಬಂತು. ಯಾನ್ಸನ್‌ಗೆ ಅದು 1966ರಲ್ಲೇ ಬಂದಿತ್ತು. ಮಕ್ಕಳ ಸಾಹಿತ್ಯದವರು ಕಂಡುಕೊಂಡದ್ದು ದೊಡ್ಡವರ ಸಾಹಿತ್ಯದ ಕಣ್ಣಿಗೆ ಇನ್ನೂ ಬಿದ್ದಿಲ್ಲ. ಭರತನ ರಸಗಳ ಪಟ್ಟಿಯಲ್ಲಿ ಹಾಸ್ಯವೂ ಅದ್ಭುತವೂ ರೌದ್ರ ಭಯಾನಕಗಳ ಜೊತೆಯಲ್ಲೇ ಕೂತಿವೆ ಎಂಬುದನ್ನು ಪಾಠದಲ್ಲಿ ಓದಿದ ನಾವೂ ವಿಮರ್ಶೆಗೆ ಕೂತಾಗ ಅದನ್ನು ಮರೆಯುತ್ತೇವೆ.

ಪ್ರೀತಿಯವರ ಕಡೆಗೆ ಬರುತ್ತೇನೆ. ಕಂಬಳಿಯೆಂದು ಹೊಗಳಿದ್ದರಿಂದ ಮಾರುಕಟ್ಟೆ ಕಂಬಳಿಯನ್ನೇ ನೇಯತೊಡಗಿದೆ. ಮುಖಪುಟದಲ್ಲಿ ಹಬೆಯಾಡುವ ಬಟ್ಟಲು, ಕಿಟಕಿಯಲ್ಲಿ ಬೆಕ್ಕು, ಒಳಗೆ ಯಾರೂ ಪಾತ್ರೆ ತೊಳೆಯದ ಚಹಾದಂಗಡಿ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲೂ ಇವು ಸಾಲಾಗಿ ಕಾಣಸಿಗುತ್ತವೆ. ಇವುಗಳಲ್ಲಿ ಎಷ್ಟೋ ಕೆಟ್ಟ ಪುಸ್ತಕಗಳು. ಹಗುರವಾದ್ದರಿಂದ ಕೆಟ್ಟವಲ್ಲ, ಅಲ್ಲಿ ಯಾವುದಕ್ಕೂ ಬೆಲೆ ತೆರಬೇಕಿಲ್ಲವಾದ್ದರಿಂದ ಕೆಟ್ಟವು. ಬ್ರೆಡ್ಡು ತಾನೇ ಉಬ್ಬುತ್ತದೆ, ಗಿರಾಕಿ ತಾನೇ ಬರುತ್ತಾನೆ, ಜಗಳ ಒಂದು ಅಪ್ಪುಗೆಯಲ್ಲಿ ಮುಗಿಯುತ್ತದೆ. ಇವುಗಳ ಎದುರಿಗೆ ಚಿಹಿರೊ ಇಶಿಝುಕಾರ ಮಾಂಗಾ 'ಫ್ಲೈಯಿಂಗ್ ವಿಚ್' ನೋಡಿ. ಅಓಮೊರಿ ಪ್ರಾಂತದ ಹಿರೊಸಾಕಿಯಲ್ಲಿ ನೆಂಟರ ಮನೆಗೆ ಬಂದ ಹದಿಹರೆಯದ ಮಾಟಗಾತಿ ದಾರಿಬದಿಯಲ್ಲಿ ಮ್ಯಾಂಡ್ರೇಕ್ ಗಡ್ಡೆ ಕಂಡು ಸಂಭ್ರಮದಿಂದ ಕೀಳುತ್ತಾಳೆ, ಅದು ಕಿರುಚುತ್ತದೆ, ಉಡುಗೊರೆಯೆಂದು ಗೆಳತಿಗೆ ಕೊಡುತ್ತಾಳೆ, ಗೆಳತಿಗೆ ಅದು ಬೇಡವೇ ಬೇಡ. ಇಡೀ ಪ್ರಸಂಗ ಅಷ್ಟೇ. ಆದರೆ ಹುಡುಗಿಯ ಸಂಭ್ರಮ ಎದುರಿನವಳ ಮುಖದಲ್ಲಿ ಹೇಗೆ ಕಿರಿಕಿರಿಯಾಗುತ್ತದೆ, ಅದನ್ನು ಇವಳು ಎಷ್ಟು ತಡವಾಗಿ ಗ್ರಹಿಸುತ್ತಾಳೆ ಎಂಬುದನ್ನು ಚೌಕದಿಂದ ಚೌಕಕ್ಕೆ ಅಳೆದು ಇಟ್ಟಿರುವುದು ನುರಿತ ಕೈ. ಮೂಡಿಗೆ ತಕ್ಕ ಪುಸ್ತಕ ಎಂದು ಪಟ್ಟಿ ಮಾಡಿ ಹಂಚುವವರು ಈ ಕೈಯನ್ನೂ ಆ ಅಚ್ಚುಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾರೆ. ಪ್ರಕಾರಕ್ಕೆ ಅದರ ವೈರಿಗಳು ಇಷ್ಟು ಹಾನಿ ಮಾಡಿಲ್ಲ.

ನನ್ನ ವಾದಕ್ಕೆ ಕಠಿಣವಾದ ಪುಸ್ತಕ ಟಿ. ಜೆ. ಕ್ಲೂನ್ ಅವರ 'ದ ಹೌಸ್ ಇನ್ ದ ಸೆರೂಲಿಯನ್ ಸೀ', 2020ರದ್ದು. ಮಾಯಾಶಕ್ತಿಯ ಮಕ್ಕಳನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆಯ ನೌಕರ ಲೈನಸ್ ದ್ವೀಪವೊಂದರ ಅನಾಥಾಲಯವನ್ನು ತಪಾಸಣೆ ಮಾಡಲು ಹೋಗಿ ಆ ಮಕ್ಕಳಿಗೆ ಮನಸೋಲುತ್ತಾನೆ. ಕೆನಡಾ ಸರ್ಕಾರ ಮೂಲನಿವಾಸಿಗಳ ಮಕ್ಕಳನ್ನು ಅವರ ಮನೆಗಳಿಂದ ಕಿತ್ತು ಬೇರೆಯವರಿಗೆ ಒಪ್ಪಿಸಿದ, 'ಸಿಕ್ಸ್‌ಟೀಸ್ ಸ್ಕೂಪ್' ಎಂದು ಹೆಸರಾದ ಕ್ರೌರ್ಯದ ಬಗ್ಗೆ ಓದಿದ್ದು ಈ ಕಾದಂಬರಿಯ ಹಿಂದಿದೆ ಎಂದು ಕ್ಲೂನ್ ಅವರೇ ಹೇಳಿದ್ದಾರೆ. ಅದಕ್ಕೆ ತೀವ್ರ ಆಕ್ಷೇಪ ಬಂತು. ಆಕ್ಷೇಪಿಸಿದವರು ಸರಿಯೇ ಇದ್ದರು: ಮಕ್ಕಳನ್ನು ಕಿತ್ತುಕೊಂಡ ವ್ಯವಸ್ಥೆಯ ಕಥೆಯನ್ನು ಅದರ ಒಳ್ಳೆಯ ನೌಕರನೊಬ್ಬನ ಕಡೆಯಿಂದ ಹೇಳಿದರೆ ಆ ಮಕ್ಕಳ ತಂದೆತಾಯಂದಿರು ಎಲ್ಲಿ ಎಂಬ ಪ್ರಶ್ನೆಯೇ ಮಾಯವಾಗುತ್ತದೆ. ಇಲ್ಲಿ ಮೃದುತ್ವ ನಿಜವಾಗಿಯೂ ಏನನ್ನೋ ಮುಚ್ಚುತ್ತದೆ. ಇದನ್ನು ಒಪ್ಪಿಕೊಂಡೇ ನಾನು ಮೇಲಿನ ಮಾತುಗಳನ್ನೆಲ್ಲ ಆಡಿದ್ದು. ಆ ಆಕ್ಷೇಪ ಸಾಧ್ಯವಾದದ್ದು ಹೇಗೆಂದು ನೋಡಿ. 'ಹಗುರ ಪುಸ್ತಕ, ಬಿಡಿ' ಎಂದು ಯಾರೂ ಅದನ್ನು ಪಕ್ಕಕ್ಕಿಡಲಿಲ್ಲ. ಯಾರ ಮನೆ, ಯಾರು ಕಟ್ಟಿದ್ದು, ಯಾರನ್ನು ಹೊರಗಿಟ್ಟು ಕಟ್ಟಿದ್ದು ಎಂದು ಕೇಳಿದರು. ಅದೇ ಪ್ರಶ್ನೆಗಳನ್ನು ಥ್ಯೂನ್‌ನ ಕಾಫಿ ಅಂಗಡಿಗೂ ಕೇಳಬೇಕು, ಮೂಮಿನ್ ಕಣಿವೆಗೂ ಕೇಳಬೇಕು. ಅವುಗಳ ಬಳಿ ಉತ್ತರವಿದೆ.